ಲಿನ್ ಆಂಟಿಯ ಬಿಸಿನೀರು

"ಎಷ್ಟು ದಿನದಿಂದ ಜ್ವರ?" ಎಂದು ಇಂಗ್ಲಿಷಿನಲ್ಲಿ ಓದಬೇಕಿದ್ದ ಲಿನ್ ಆಂಟಿ, ಪುಸ್ತಕ ಮುಚ್ಚಿ ನನ್ನ ಹಣೆ ಮುಟ್ಟಿ ನೋಡಿದರು.

ಆಸ್ಟ್ರೇಲಿಯಾದ ಪರ್ತ್‌ನಲ್ಲಿ, ವಿಲೆಟನ್ ಬಡಾವಣೆ ಬಳಿಯ ಲೈಬ್ರರಿಯಲ್ಲಿ, ಚೀನಾದಿಂದ ಬಂದ ಹಿರಿಯರಿಗೆ ನಾನು ಇಂಗ್ಲಿಷ್ ಸಂಭಾಷಣೆ ಅಭ್ಯಾಸ ಮಾಡಿಸುತ್ತೇನೆ. ಅಂದಿನ ಪಾಠದಲ್ಲಿ ಆಂಟಿ ಡಾಕ್ಟರ್, ನಾನು ರೋಗಿ. ನನಗೆ ನಿಜವಾಗಿಯೂ ಜ್ವರವಿತ್ತು; ಯಾರಿಗೂ ಹೇಳಿರಲಿಲ್ಲ.

"ಯು ರಿಯಲಿ ಸಿಕ್. ಡ್ರಿಂಕ್. ಬುಕ್ ಲೇಟರ್," ಎನ್ನುತ್ತಾ ಫ್ಲಾಸ್ಕಿನ ಮುಚ್ಚಳಕ್ಕೆ ಬಿಸಿನೀರು ಬಗ್ಗಿಸಿ ಕೈಗಿಟ್ಟರು. ನೆಗಡಿಗೂ ಸಂಕಟಕ್ಕೂ ಅವರಿಗೆ ಬಿಸಿನೀರೇ ಮದ್ದು. ಪುಸ್ತಕ ನೋಡದೆ ಅವರು ಆಡಿದ ಮೊದಲ ಇಂಗ್ಲಿಷ್ ಅದು. ತಿದ್ದಲು ಮನಸ್ಸಾಗಲಿಲ್ಲ.

ಸಂಜೆ ಆಸ್ಪತ್ರೆಯಿಂದ ಬಂದ ನನ್ನ ಡಾಕ್ಟರ್ ಗಂಡನಿಗೆ ಹೇಳಿದೆ. "ಜ್ವರಾನಾ? ಬೆಳಿಗ್ಗೆನೇ ಹೇಳ್ಬಾರ್ದಿತ್ತಾ?" ಎಂದರು.

ಮುಂದಿನ ವಾರ ಜ್ವರ ಬಿಟ್ಟಿತ್ತು. ಆದರೂ ಬೇಕೆಂದೇ ಅದೇ ಪಾಠ ತೆಗೆದೆ. ಆಂಟಿಯ ಬಿಸಿನೀರಿಗೆಂದು ಮನೆಯಿಂದ ಲೋಟವನ್ನೂ ಒಯ್ದಿದ್ದೆ.