ಹೊಲಿಗೆ ಶೆಡ್ಡಿನ ಒಗ್ಗಟ್ಟು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮರಳೂರಿನ ಒಂದು ಹೊಲಿಗೆ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದೆ. ಸ್ಕೂಲು ಮಕ್ಕಳ ಯೂನಿಫಾರ್ಮ್ ಹೊಲಿಯುವ ಶೆಡ್ಡು. ಅಪ್ಪ ಸತ್ತು ವರ್ಷ ತುಂಬಿರಲಿಲ್ಲ. ಊರ್ಡಿಗೆರೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ.

ಶೆಡ್ಡಿನ ಹೆಂಗಸರಲ್ಲಿ ಎರಡು ಗುಂಪು. ಗುಬ್ಬಿಯಿಂದ ರೈಲಿನಲ್ಲಿ ಬರುವವರು ಕಾಲರು, ತೋಳು ಹೊಲಿಯುತ್ತಿದ್ದರು. ಕುಣಿಗಲ್ಲಿನಿಂದ ಬರುವವರು ಅವನ್ನು ಅಂಗಿಗೆ ಕೂಡಿಸಬೇಕು. ಹಿಂದೆ ಯಾವಾಗಲೋ ಕತ್ತರಿಯೊಂದು ಕಳೆದು, ಕಳ್ಳಿ ಎನ್ನುವ ಮಾತು ಬಂದಿತ್ತಂತೆ. ಅಲ್ಲಿಂದ ಒಂದು ಗುಂಪಿನವರು ಇನ್ನೊಂದು ಗುಂಪಿನವರ ಮುಖ ನೋಡುತ್ತಿರಲಿಲ್ಲ. ಗುಬ್ಬಿಯವರು ತೋಳಿನ ಕಟ್ಟನ್ನು ಕೈಗೆ ಕೊಡದೆ ನೆಲಕ್ಕೆಸೆಯುತ್ತಿದ್ದರು. ಕುಣಿಗಲ್ಲಿನವರು ಎಡಬಲ ಅದಲುಬದಲಾಗಿದ್ದು ಕಂಡರೂ ಹಾಗೇ ಹೊಲಿದು ತಳ್ಳುತ್ತಿದ್ದರು. ಯಜಮಾನರು ಬೈದರು, ಕೈಮುಗಿದರು, ಕಲೆಸಿ ಕೂರಿಸಿ ನೋಡಿದರು. ಯಾವುದೂ ನಡೆಯಲಿಲ್ಲ.

ನನಗೆ ಕೊಟ್ಟಿದ್ದು ಗುಂಡಿ ಹಾಕುವ ಕೆಲಸ. ಮೊದಲ ದಿನವೇ ಕಾಲರಿಲ್ಲದ ಅಂಗಿಯೊಂದು ಬಂತು. ಎದ್ದು ಕೇಳಿದೆ. ನನಗೆ ಚಿಕ್ಕಂದಿನಿಂದಲೂ ಉಗ್ಗು.

"ಕ... ಕ... ಕಾ... ಕಾಲರ್ ಎಲ್ಲಕ್ಕಾ?"

ಗುಬ್ಬಿಯವರಲ್ಲಿ ಹಿರಿಯಳಾದವಳು ಕತ್ತು ಕೊಂಕಿಸಿ, "ಕಾ, ಕಾ, ಕಾ!" ಎಂದಳು.

"ಅಯ್ಯೋ, ಯಾರ್ ಮನೆಗ್ ನೆಂಟ್ರು ಬರ್ತಾರೋ!" ಎದುರು ಸಾಲಿನಿಂದ ಕುಣಿಗಲ್ಲಿನವಳೊಬ್ಬಳು ಕೂಗಿದಳು.

ಇಡೀ ಶೆಡ್ಡು ನಕ್ಕಿತು. ಮಧ್ಯಾಹ್ನ ಅವರಿಬ್ಬರೂ ಒಟ್ಟಿಗೆ ಕೂತು ಸಾರು ಹಂಚಿಕೊಂಡರು.

ಅಂದಿನಿಂದ ನಾನು ಕಾಗೆ. ತೋಳಿನ ಕಟ್ಟು ಕೈಯಿಂದ ಕೈಗೆ ಹೋಗತೊಡಗಿತು. ಜೊತೆಗೆ ನನ್ನ ಬಗ್ಗೆ ದಿನಕ್ಕೊಂದು ಹೊಸ ಗೇಲಿ ಮಾತು. ಮಹಾಲಯ ಅಮಾವಾಸ್ಯೆಯ ಮಾರನೆಯ ದಿನ ಎಲೆಯಲ್ಲಿ ಅನ್ನ, ವಡೆ ಬಡಿಸಿ ನನ್ನ ಮುಂದಿಟ್ಟರು. ಎರಡೂ ಊರಿನವರು ಸಾಲಾಗಿ ನಿಂತು ಕೈಮುಗಿದರು.

"ತಿನ್ನೇ ಕಾಗೆ, ನಿಮ್ಮಪ್ಪನ್ ಹೊಟ್ಟೆ ತಣ್ಗಾಗ್ಲಿ."

ಎಲೆ ತಳ್ಳಿ ಯಜಮಾನರ ಬಳಿಗೆ ಓಡಿದೆ. ಅಳು, ಉಗ್ಗು ಎರಡೂ ಸೇರಿ ನಾನು ಹೇಳಿ ಮುಗಿಸುವವರೆಗೂ ಅವರು ತಾಳ್ಮೆಯಿಂದ ಕೇಳಿದರು.

"ಗೊತ್ತು ಕಣಮ್ಮ. ಆದ್ರೆ ನೀನ್ ಬಂದ್ಮೇಲೇ ಇವ್ರೆಲ್ಲ ಒಂದಾಗಿರೋದು. ಮಾಲು ಟೈಮಿಗ್ ಸರಿಯಾಗ್ ಹೋಗ್ತಾ ಇದೆ. ನಾಕ್ ಮಾತು ತಡ್ಕೊ. ಮಾತೇನ್ ಮೈಗ್ ಅಂಟ್ಕೊಳುತ್ತಾ?"

ಮನೆಯಲ್ಲಿ ತಮ್ಮಂದಿರಿದ್ದರು. ತಡೆದುಕೊಂಡೆ. ಬಾಯಿ ಬಿಡುವುದನ್ನೇ ನಿಲ್ಲಿಸಿದರೆ ಬೆನ್ನಿಗೆ ಸೂಜಿ ಚುಚ್ಚಿ "ಕೂಗೇ" ಎನ್ನುತ್ತಿದ್ದರು. ಕೊನೆಗೆ ಗುಬ್ಬಿಯ ಟೈಲರೊಬ್ಬರು ಕೆಲಸ ಕೊಟ್ಟ ಮೇಲೆ ಶೆಡ್ಡು ಬಿಟ್ಟೆ.

ಎಷ್ಟೋ ವರ್ಷದ ಮೇಲೆ ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ, ಮೊದಲ ದಿನ ನೆಂಟರ ಮಾತು ಕೂಗಿದ್ದ ಆ ಕುಣಿಗಲ್ಲಿನವಳು ಸಿಕ್ಕಿದಳು. ನನ್ನನ್ನು ಕಂಡು ಅವಳಿಗೆ ನಿಜವಾಗಿಯೂ ಸಂತೋಷವಾಗಿತ್ತು. ಕೈ ಹಿಡಿದುಕೊಂಡೇ ಮಾತಾಡಿದಳು.

"ನೀನ್ ಹೋದ್ಮೇಲೆ ತಿಂಗ್ಳೂ ನಿಲ್ಲಿಲ್ಲ ಕಣೇ, ಮತ್ತೆ ಜುಟ್ಟು ಹಿಡ್ಕೊಂಡ್ವಿ. ಆಮೇಲ್ ಒಬ್ಳು ಕುಂಟಿ ಸೇರ್ಕೊಂಡ್ಲು ನೋಡು, ಎಲ್ಲಾ ಸರಿಹೋಯ್ತು."

ಆ ಹುಡುಗಿ ಹೇಗೆ ನಡೆಯುತ್ತಾಳೆಂದು ಜನರ ನಡುವೆಯೇ ನಡೆದು ತೋರಿಸಿದಳು. ನಾನೂ ನಗುತ್ತೇನೆಂದು ನನ್ನ ಮುಖ ನೋಡಿದಳು.

"ಈ... ಈ... ಈಗ್ಲೂ ಅಲ್ಲೇ ಇದಾಳಾ?" ಎಂದೆ.

"ಇದಾಳೆ ಬುಡು, ಎಲ್ಲೋಗ್ತಾಳೆ," ಎಂದು ಅವಳು ಬಸ್ಸಿನ ಬೋರ್ಡು ನೋಡಲು ಆಚೆ ತಿರುಗಿದಳು.