ಜೋಡಿಹುಳದ ಕಲೆ

ಅರ್ಲೀನ್ ಟಿಲ್ಲಿಸ್ ಕೈಗೆ ಸಿಕ್ಕಿದ ಪಾತ್ರೆ ಫಳಫಳ ಹೊಳೆಯದೆ ಕೆಳಗಿಳಿದದ್ದಿಲ್ಲ. ನಮ್ಮೂರು ಇಂಟರ್‌ಲಾಕನ್ನಿನ ಶಾಲೆಯ ಅಡುಗೆಮನೆಯಲ್ಲಿ ಊರ ಮಕ್ಕಳಿಗೆಲ್ಲ ಬಡಿಸಿ, ದೊಡ್ಡ ದೊಡ್ಡ ಹಂಡೆಗಳ ತಳ ಹಿಡಿದದ್ದನ್ನು ತಿಕ್ಕಿ ತಿಕ್ಕಿ ಆಕೆಯ ತೋಳು ಕಟ್ಟಿಗೆ ಒಡೆಯುವವರ ತೋಳಿನಂತಾಗಿತ್ತು. ಕಷ್ಟ ಯಾವುದೇ ಬರಲಿ, ಆಕೆಗೆ ಗೊತ್ತಿದ್ದ ಉಪಾಯ ಒಂದೇ: ತೋಳು ಮಡಚುವುದು, ಉಜ್ಜುವುದು. ಕಾಯುವುದೆಂದರೆ ಮಾತ್ರ ಮೈಮೇಲೆ ಇರುವೆ ಬಿಟ್ಟಂತೆ ಆಡುತ್ತಿದ್ದಳು.

ಗಂಡ ಹಾಯ್ಟ್ ಇದಕ್ಕೆ ತೀರ ಉಲ್ಟಾ. ಕಾಗದದ ಕಾರ್ಖಾನೆಗೆ ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುತ್ತಿದ್ದ ಆಸಾಮಿ, ಮಹಾ ನಿಧಾನಸ್ಥ. ಅವನಿಗೊಂದು ನೀಲಿ ಬ್ಯೂಕ್ ಕಾರಿತ್ತು. ಅದರ ಮೇಲಿನ ಅವನ ಪ್ರೀತಿ ನೋಡಿ ಅರ್ಲೀನ್, ನನ್ನನ್ನು ಕಟ್ಟಿಕೊಂಡದ್ದು ಆ ಸೀಟಿನಲ್ಲಿ ಕೂರಿಸಲಿಕ್ಕೆ ಒಬ್ಬಳು ಬೇಕು ಅಂತಲೇ ಎಂದು ಎಲ್ಲರೆದುರು ಹೇಳಿ ನಗುತ್ತಿದ್ದಳು.

ನಮ್ಮ ಫ್ಲಾರಿಡಾದ ಈ ಭಾಗದಲ್ಲಿ ಮೇ ತಿಂಗಳು ಬಂತೆಂದರೆ ರಸ್ತೆಯ ಮೇಲೆ ಜೋಡಿಹುಳ ಏಳುತ್ತವೆ. ಕರಿ ಮೈ, ಕತ್ತಿನ ಹತ್ತಿರ ಚೂರು ಕೆಂಪು. ಗಂಡು ಹೆಣ್ಣು ಒಂದಕ್ಕೊಂದು ಅಂಟಿಕೊಂಡೇ ಹಾರುತ್ತವೆ. ಕಚ್ಚುವುದಿಲ್ಲ, ಕುಟುಕುವುದಿಲ್ಲ. ಓಡುವ ಕಾರಿನ ಮೂತಿಗೆ ಬಂದು ಸಾಯುವುದೊಂದೇ ಅವುಗಳ ಕಸುಬು. ಅವತ್ತಿನದನ್ನು ಅವತ್ತೇ ತೊಳೆದರೆ ಬಚಾವು, ಬಿಸಿಲಿಗೆ ಬಿಟ್ಟರೆ ಹುಳದ ರಸ ಬಣ್ಣವನ್ನೇ ತಿಂದುಬಿಡುತ್ತದೆ. ಹಾಗಾಗಿ ಆ ದಿನಗಳಲ್ಲಿ ಸಂಜೆಯಾದರೆ ಮನೆಮನೆಯ ಮುಂದೂ ಒಬ್ಬ ಗಂಡಸು ನೀರಿನ ಪೈಪು ಹಿಡಿದು ನಿಂತಿರುತ್ತಾನೆ. ಹಾಯ್ಟ್ ಪೈಪು ಮುಟ್ಟುತ್ತಿರಲಿಲ್ಲ. ದಪ್ಪ ಟವೆಲನ್ನು ಸೋಪಿನ ಬಿಸಿನೀರಲ್ಲಿ ಅದ್ದಿ, ಜ್ವರ ಬಂದ ಮಗುವಿನ ಹಣೆಗೆ ಪಟ್ಟಿ ಹಾಕುವಂತೆ ಬಾನೆಟ್ಟಿನ ಮೇಲೆ ಹಾಸುತ್ತಿದ್ದ. ಆಮೇಲೆ ಬಾಗಿಲು ತೆಗೆದಿಟ್ಟು ಕಾರಿನೊಳಗೇ ಕೂತು, ರೇಡಿಯೋದಲ್ಲಿ ಬೇಸ್‌ಬಾಲ್ ಹಚ್ಚಿ, ಬೇಯಿಸಿದ ಕಡಲೆಕಾಯಿ ಸುಲಿಯುತ್ತ ಕಾಯುತ್ತಿದ್ದ. ಪಕ್ಕದಲ್ಲಿ ಅರ್ಲೀನ್ ಚಡಪಡಿಸುತ್ತಿದ್ದಳು, ಎರಡು ಸಲ ತಿಕ್ಕಿ ಬಿಸಾಕಿದರೆ ಆಗುವ ಕೆಲಸಕ್ಕೆ ಇದೇನು ಪೂಜೆ ಅಂತ ಗೊಣಗುತ್ತಿದ್ದಳು.

"ನೆನೀಲಿ ಕಣೇ ಲೀನ್," ಅನ್ನುತ್ತಿದ್ದ ಹಾಯ್ಟ್. "ನೆಂದ್ರೆ ತಾನಾಗೇ ಬಿಡುತ್ತೆ."

ಆ ಹಾಯ್ಟನಿಗೆ ಮರೆವು ಹಿಡಿಯಿತು. ಮೊದಲು ಕನ್ನಡಕ ಮರೆತ, ಆಮೇಲೆ ದಾರಿ, ಆಮೇಲೆ ಮಗಳು ರೆನೆಲ್. ಕೊನೆಗೊಂದು ಬೆಳಿಗ್ಗೆ ಅರ್ಲೀನಳನ್ನೇ ನೋಡಿ, ತಾವು ಯಾರ ಮನೆಯವರು ಎಂದು ಬಹಳ ಮರ್ಯಾದೆಯಿಂದ ಕೇಳಿದ. ಉಜ್ಜಿದರೆ ಹೋಗುವ ಕಾಯಿಲೆಯಾಗಿದ್ದರೆ ಆಕೆ ಅವನ ತಲೆಯನ್ನೇ ಉಜ್ಜಿಬಿಡುತ್ತಿದ್ದಳು. ಹೋದ ವರ್ಷದ ಮೇ ತಿಂಗಳಲ್ಲಿ, ಬೇರೆ ದಾರಿಯೇ ಕಾಣದೆ, ಅದೇ ಬ್ಯೂಕಿನಲ್ಲಿ ಕೂರಿಸಿಕೊಂಡು ಹೋಗಿ ಪಲಾಟ್ಕಾದ ಆರೈಕೆ ಮನೆಗೆ ಬಿಟ್ಟು ಬಂದಳು. ಬರುವಾಗ ಕಾರಿನ ಮೂತಿ ಹುಳದಿಂದ ಕಪ್ಪಾಗಿತ್ತು. ತೊಳೆಯಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಆ ಹೆಂಗಸು ಒಂದು ಕೊಳೆಯನ್ನು ಕಂಡೂ ಕಾಣದಂತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಾರು ಅಂಗಳದಲ್ಲಿ ಪಡುವಣ ಬಿಸಿಲಿಗೆ ಮೂತಿ ಕೊಟ್ಟು ಹಾಗೇ ನಿಂತಿತು. ಗಂಡನನ್ನು ನೋಡಲು ಪಕ್ಕದ ಮನೆಯ ಡ್ಯೂಯಿ ಪ್ರಾಥರನ ಟ್ರಕ್ಕಿನಲ್ಲಿ ಹೋಗಿಬರುತ್ತಿದ್ದಳೇ ಹೊರತು ಆ ಕಾರಿನ ಬಾಗಿಲು ಮುಟ್ಟಲಿಲ್ಲ.

ಈಗ ಆ ಆರೈಕೆ ಮನೆಯನ್ನೇ ಮುಚ್ಚುತ್ತಾರೆ ಅಂತಾಯಿತು. ಗೇನ್ಸ್‌ವಿಲ್ಲಿನಲ್ಲಿ, ರೆನೆಲ್ ಮನೆಯ ಹತ್ತಿರ, ಇನ್ನೊಂದು ಕಡೆ ಜಾಗ ಸಿಕ್ಕಿತು. ಆದರೆ ಕರೆದೊಯ್ಯಲು ವ್ಯಾನು ಬಂದಾಗ ಹಾಯ್ಟ್ ಹತ್ತಲಿಲ್ಲ. ಬಾಗಿಲ ಕಂಬಿ ತಬ್ಬಿ ಹಿಡಿದು, ನನ್ನ ಕಾರು ಬರುತ್ತೆ, ಕಂಡವರ ಗಾಡಿ ನಾನು ಹತ್ತಲ್ಲ ಎಂದು ಕೂಗಾಡಿದ. ಹಿಡಿದು ಮಲಗಿಸಿ ನಿದ್ದೆ ಬರಿಸುವ ಸೂಜಿ ಚುಚ್ಚಿದರು. ಆಮೇಲೆ ಅವನು ಸರಿಯಾಗಿ ಕಣ್ಣು ಬಿಡಲಿಕ್ಕೇ ದಿನಗಳು ಹಿಡಿದವು, ನೀರು ಕೂಡ ಗಂಟಲಿಗೆ ಇಳಿಯಲಿಲ್ಲ. ಆ ಸ್ಥಿತಿಯಲ್ಲಿ ಸಾಗಿಸಲಾರದೆ ವ್ಯಾನು ಖಾಲಿಯೇ ಮರಳಿತ್ತು. ಇನ್ನೊಂದು ಸಲ ಚುಚ್ಚಿದರೆ ಏಳುತ್ತಾನೆಂಬ ಭರವಸೆ ಇಲ್ಲವೆಂದು ಡಾಕ್ಟರು ತಲೆ ಆಡಿಸಿದರು.

"ಶುಕ್ರವಾರ ವ್ಯಾನ್ ಮತ್ತೆ ಬರುತ್ತೆ ಅರ್ಲೀನಮ್ಮ," ಅಂದಳು ನರ್ಸ್ ಓಪಲ್, ಕಣ್ಣು ತಪ್ಪಿಸಿ. "ಅವರಾಗೇ ಹತ್ತದಿದ್ರೆ ಸೂಜಿನೇ ಗತಿ. ನನ್ನ ಕೈಲಿಲ್ಲಮ್ಮ ಇದು."

ಅವನ ಕಾರನ್ನೇ ತರುತ್ತೇನೆ, ಗೇನ್ಸ್‌ವಿಲ್ಲಿಗೆ ನಾನೇ ಕರೆದೊಯ್ಯುತ್ತೇನೆ ಅಂದಳು ಅರ್ಲೀನ್. ಅವನ ನೀಲಿ ಕಾರು ಹೊಳೆಯುತ್ತ ಬಂದು ಎದುರಿಗೆ ನಿಂತರೆ ಗುರುತು ಹಿಡಿಯದೆ ಎಲ್ಲಿಗೆ ಹೋಗುತ್ತಾನೆ! ಹೆಂಡತಿ ಮರೆತಿರಬಹುದು, ಬ್ಯೂಕ್ ಮರೆತಿರಲಾರ. ಆಕೆಗೆ ಉಳಿದಿದ್ದ ನಂಬಿಕೆ ಅದೊಂದೇ.

ಗುರುವಾರ ಡ್ಯೂಯಿ ಬಂದು ಹೊಸ ಬ್ಯಾಟರಿ ಹಾಕಿದ. ಗಾಡಿ ಕೆಮ್ಮಿ ಕೆಮ್ಮಿ ಎದ್ದಿತು. ಮೂತಿಯ ಕಥೆ ಮಾತ್ರ ನೋಡುವ ಹಾಗಿರಲಿಲ್ಲ. ಹುಳಗಳು ಬೆಂದು ಕರಕಲಾಗಿ, ತಳ ಹಿಡಿದ ಗಂಜಿಯಂತೆ ಬಣ್ಣಕ್ಕೆ ಹತ್ತಿಕೊಂಡಿದ್ದವು.

"ಸತ್ತು ವರ್ಷ ಕಳೆದ್ರೂ ಒಂದನ್ನೊಂದು ಬಿಟ್ಟಿಲ್ಲ ನೋಡು," ಅಂದ ಡ್ಯೂಯಿ. ಅರ್ಲೀನ್ ನೋಡಿದ ನೋಟಕ್ಕೆ ಮಾತು ನುಂಗಿಕೊಂಡು, ಕೆಲಸವಿದೆ ಅಂತ ಮನೆಗೆ ಹೊರಟುಬಿಟ್ಟ.

ಆಕೆ ತೋಳು ಮಡಚಿದಳು. ನಮ್ಮ ಕಡೆ ಹೆಂಗಸರಿಗೆಲ್ಲ ಗೊತ್ತಿರುವ ಮದ್ದೊಂದಿದೆ: ಬಟ್ಟೆ ಒಣಗಿಸುವ ಯಂತ್ರದೊಳಗೆ ಹಾಕುವ ಘಮಘಮ ಹಾಳೆಯನ್ನು ನೀರಲ್ಲಿ ಅದ್ದಿ ಮೆಲ್ಲಗೆ ಒರೆಸುವುದು. ಹಸಿ ಹುಳಕ್ಕೆ ಅದು ಸರಿ. ಇಲ್ಲಿ ಡಬ್ಬಿಯಲ್ಲಿದ್ದ ಹಾಳೆಗಳೆಲ್ಲ ಹರಿದು ಚಿಂದಿಯಾದವು, ಮೇಲಿನ ಕರಕಲು ಉದುರಿತು, ಅದರ ಕೆಳಗೆ ಹುಳದ ಆಕಾರದ ಬಿಳಿಚು ಕಲೆಗಳು ಒಂದೊಂದೂ ಹಾಗೇ ಕಂಡವು. ಅಡುಗೆ ಎಣ್ಣೆ ಸವರಿದಳು. ವಿನಿಗರ್ ಸುರಿದಳು. ಕಲೆ ಜಪ್ಪಯ್ಯ ಅನ್ನಲಿಲ್ಲ. ಬಿಸಿಲು ಇಳಿಯುತ್ತಿತ್ತು, ನಾಳೆ ಶುಕ್ರವಾರ. ಒಳಗೆ ಹೋಗಿ ಹಂಡೆ ಉಜ್ಜುವ ಪುಡಿ, ಹಸಿರು ನಾರು ತಂದಳು.

ಅಯ್ಯೋ, ಅದೊಂದು ಮಾಡಬಾರದಿತ್ತು. ಆಕೆಗೂ ಗೊತ್ತಿತ್ತು, ಕೈ ಕೇಳಬೇಕಲ್ಲ. ಬಾಯಲ್ಲಿ ಬಿಡು, ಬಿಡು, ಬಿಡು ಅನ್ನುತ್ತ, ಕಣ್ಣಲ್ಲಿ ನೀರು ಸುರಿಸುತ್ತ ತಿಕ್ಕಿದಳು. ಕಲೆ ಹೋಯಿತು, ಕಲೆಯ ಜೊತೆ ಹೊಳಪೂ ಹೋಯಿತು. ಇನ್ನೂ ಉಜ್ಜಿದಳು, ನೀಲಿಯೂ ಹೋಗಿ, ಬಾನೆಟ್ಟಿನ ನಡುವೆ ತಟ್ಟೆಯಗಲ ಬೂದಿ ಬಣ್ಣದ ತೇಪೆ ಎದ್ದಿತು. ನಾರನ್ನು ಕೆಳಗೆ ಹಾಕಿ ಅಂಗಳದಲ್ಲೇ ಕುಸಿದಳು. ಸ್ವಂತ ಕೈಯಿಂದಲೇ ಕೆಡಿಸಿದೆನಲ್ಲಾ ಎಂದು ಆ ಕೈಯನ್ನೇ ನೆಲಕ್ಕೆ ಬಡಿದುಕೊಂಡಳು.

ಶುಕ್ರವಾರ ಬೆಳಿಗ್ಗೆ ಹಾಗೇ ಹೊರಟಳು. ಹಿಂದಿನ ಸೀಟಿನಲ್ಲಿ ಹಾಯ್ಟನ ಹಳೆಯ ಬಕೆಟ್ಟು, ಅದರಲ್ಲಿ ಮಡಚಿದ ಟವೆಲು ಅವತ್ತಿನಿಂದ ಇದ್ದಲ್ಲೇ ಇತ್ತು. ಪಲಾಟ್ಕಾ ತಲುಪುವಷ್ಟರಲ್ಲಿ ಹೊಸ ಹುಳಗಳೂ ಬಂದು ಬಡಿದಿದ್ದವು. ವ್ಯಾನು ಆಗಲೇ ಬಂದಿತ್ತು. ಬಾಗಿಲ ಹತ್ತಿರ ದಪ್ಪಗಿನ ಆಳೊಬ್ಬ ಕೈಕಟ್ಟಿ ನಿಂತಿದ್ದ, ಓಪಲ್ ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ ಇತ್ತು. ತಟ್ಟೆಯಲ್ಲಿ ಏನಿದೆಯೆಂದು ಕೇಳಬೇಕಾಗಿರಲಿಲ್ಲ.

ಹಾಯ್ಟನನ್ನು ಮೆಟ್ಟಿಲಿಳಿಸಿ ತಂದರು. ಸಣಕಲಾಗಿದ್ದ. ಕಾರನ್ನು ನೋಡಿದ, ಮುಖ ತಿರುಗಿಸಿದ. "ಇದು ನಂದಲ್ಲ," ಅಂದ. "ನಂದು ನೀಲಿ."

ಅರ್ಲೀನ್ ಅವನೆದುರಿಗೆ ಬಂದು ನಿಂತಳು. ಇದು ನೀಲಿಯೇ, ನಿಮ್ಮದೇ, ನೋಡಿ ನಿಮ್ಮ ಟೋಪಿ ಒಳಗಿದೆ ಎಂದೆಲ್ಲ ಅಂಗಲಾಚಿದಳು. ಅವನು ಕೇಳಲಿಲ್ಲ. ಆಳು ಒಂದು ಹೆಜ್ಜೆ ಮುಂದಿಟ್ಟ, ಓಪಲ್ ತಟ್ಟೆಯ ಬಟ್ಟೆ ಸರಿಸಿದಳು. ಆ ಹೊತ್ತಿಗೆ ಹಾಯ್ಟನ ಕಣ್ಣು ಬಾನೆಟ್ಟಿನ ಮೇಲಿನ ತೇಪೆಯ ಮೇಲೆ ಬಿತ್ತು. ಬಗ್ಗಿದ. ಬೆರಳಿಂದ ಸವರಿದ.

"ಯಾರು ಮಾಡಿದ್ದಿದು?"

"ನಾನೇ," ಅಂದಳು ಅರ್ಲೀನ್.

"ಅಮ್ಮಾವ್ರೇ, ಹುಳಾನ ಹಿಂಗೆ ಉಜ್ಜಬಾರದು. ನೆನೆಸ್ಬೇಕು. ಬಿಸಿನೀರಿದ್ಯಾ?"

ಆಕೆ ಬಕೆಟ್ಟು ಎತ್ತಿಕೊಂಡು ಓಡಿದ್ದನ್ನು ನೋಡಬೇಕಿತ್ತು. ಓಪಲ್ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು, ಆಳಿನ ಎದೆಗೆ ಕೈ ಅಡ್ಡ ಹಿಡಿದು ನಿಂತಳು. ಹಾಯ್ಟ್ ಟವೆಲು ಅದ್ದಿ, ಹಿಂಡದೆ, ಮೂಲೆ ಮೂಲೆ ಎಳೆದು ಹಾಸಿದ. ಬೇರೆಲ್ಲ ಮರೆತ ಕೈಗೆ ಅದು ಮರೆತಿರಲಿಲ್ಲ. ಹಾಸಿ ಮುಗಿಸಿ, ಸೊಂಟಕ್ಕೆ ಕೈ ಕೊಟ್ಟು, ಕಾರಿನ ಬಾಗಿಲು ತೆಗೆದು ಒಳಗೆ ಸ್ಟಿಯರಿಂಗಿನ ಹಿಂದೆ ಹೋಗಿ ಕೂತ. ಟವೆಲು ಹಾಸಿದ ಮೇಲೆ ಕಾರಿನೊಳಗಲ್ಲದೆ ಇನ್ನೆಲ್ಲಿ ಕೂರುವುದು? ಜೀವಮಾನವೆಲ್ಲ ಅಲ್ಲೇ ಕೂತವನು.

ಅರ್ಲೀನ್ ಆ ಕಡೆಯಿಂದ ಹತ್ತಿ ಪಕ್ಕದಲ್ಲಿ ಕೂತಳು. ರೇಡಿಯೋ ಹಾಕಿದಳು. ಬೆಳಿಗ್ಗೆ ಆಟವೆಲ್ಲಿ, ಯಾರೋ ಹವಾಮಾನ ಹೇಳುತ್ತಿದ್ದರು. ಈ ಸಲ ಆಕೆ ಅಲ್ಲಾಡಲಿಲ್ಲ.

"ನನ್ನ ಹೆಂಡ್ತೀನೂ ನಿಮ್ಮ ಹಂಗೇ," ಅಂದ ಹಾಯ್ಟ್. "ಕೈ ಜೋರು. ಕಾಯೋದು ಅಂದ್ರೆ ಆಗಲ್ಲ ಅವಳಿಗೆ."

"ಎಲ್ಲಿದ್ದಾಳೆ ಅವಳು?"

"ಮನೇಲಿ. ನಾನು ಬಂದು ಬಹಳ ಹೊತ್ತಾಯ್ತು. ಸಿಟ್ಟು ಮಾಡ್ಕೊಂಡಿರ್ತಾಳೆ."

ಅರ್ಲೀನ್ ಸೀಟಿನಲ್ಲೇ ಅವನತ್ತ ತಿರುಗಿದಳು. ಮನೆಯ ದಾರಿ ನನಗೆ ಗೊತ್ತು, ನಿಮಗೆ ದಣಿವಾಗಿದೆ, ನಾನೇ ಓಡಿಸಿಕೊಂಡು ಬಿಟ್ಟುಬರಲಾ ಎಂದು ಕೇಳಿದಳು. ಅವನು ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಉಪಕಾರವಾಯಿತು ಎಂದು ಹೇಳಿ, ಉದ್ದ ಸೀಟಿನ ಮೇಲೆ ಸ್ಟಿಯರಿಂಗ್ ಬಿಟ್ಟು ಆಕೆಯ ಕಡೆಗೆ ಜರುಗಿದ. ಆಕೆ ಇಳಿದು ಸುತ್ತಿ ಬಂದಳು. ಟವೆಲು ಎತ್ತಿದಳು. ಬೆಳಗಿನ ಹುಳಗಳು ಅದರ ಜೊತೆಗೇ ಎದ್ದು ಬಂದವು. ಬೂದಿ ತೇಪೆ ಇದ್ದಂತೆಯೇ ಇತ್ತು. ಓಪಲ್ ಮೆಟ್ಟಿಲ ಮೇಲೆ ನಿಂತೇ ಅಳುತ್ತಿದ್ದಳು.

ಗೇನ್ಸ್‌ವಿಲ್ಲಿಗೆ ಹೋಗುವ ಹೆದ್ದಾರಿ ನಮ್ಮ ಇಂಟರ್‌ಲಾಕನ್ನಿನ ನಡುವೆಯೇ ಹಾಯುತ್ತದೆ. ಮನೆಯ ಹತ್ತಿರ ನಿಲ್ಲಿಸಬೇಡ, ಒಮ್ಮೆ ಇಳಿದರೆ ಅಪ್ಪ ಮತ್ತೆ ಹತ್ತುವುದಿಲ್ಲ, ವ್ಯಾನು ಅಲ್ಲಿಗೇ ಬರಬೇಕಾಗುತ್ತದೆ ಎಂದು ರೆನೆಲ್ ಫೋನಿನಲ್ಲಿ ಹೇಳಿಹೇಳಿ ಇಟ್ಟಿದ್ದಳು. ಅದು ಅರ್ಲೀನಳಿಗೂ ಗೊತ್ತಿದ್ದ ಮಾತೇ. ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದಿದ್ದಳು.

ದಾರಿಯಲ್ಲಿ ಹಾಯ್ಟ್ ಗುಟ್ಟು ಹೇಳುವವನಂತೆ ಬಾಗಿದ. "ಬಾನೆಟ್ ನೋಡಿದ್ರೆ ಬೈತಾಳೆ. ನೀವೇನೂ ಹೇಳ್ಬೇಡಿ ಅಮ್ಮಾವ್ರೇ. ನಾನೇ ಕೆಡಿಸ್ದೆ ಅಂತೀನಿ. ನನಗೆ ಬೈದ್ರೆ ಪರವಾಗಿಲ್ಲ."

ಆಕೆ ರಸ್ತೆಯ ಮೇಲಿನ ಕಣ್ಣು ಕೀಳದೆ ಓಡಿಸಿದಳು.

ಮನೆಯ ತಿರುವು ಬಂತು. ಇಗರ್ಜಿಯ ಬೋರ್ಡು, ಓಕ್ ಮರ, ಮರದ ಕೆಳಗೆ ಅವನೇ ನೆಟ್ಟ ಅಂಚೆ ಡಬ್ಬಿ. ಹಾಯ್ಟ್ ನೆಟ್ಟಗೆ ಕೂತು ಬೆರಳು ತೋರಿಸಿದ. "ಇಲ್ಲೇ. ಎಡಕ್ಕೆ."

ಕಾರು ನೇರ ಹೋಯಿತು.

ಅವನು ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ, ಓಕ್ ಮರ ಕಾಣುವಷ್ಟು ಹೊತ್ತೂ ನೋಡಿದ. ಕೂಗಾಡಲಿಲ್ಲ. ದಾರಿ ತಪ್ಪಿದವರಿಗೆ ಧೈರ್ಯ ಹೇಳುವಂತೆ, ಪರವಾಗಿಲ್ಲ ಬಿಡಿ, ಮುಂದೆ ಎಲ್ಲಾದರೂ ತಿರುಗಿಸಿಕೊಂಡರಾಯಿತು ಅಂದ.

"ಅವಳು ಯಾತಕ್ಕೂ ಕಾಯೋಳಲ್ಲ," ಅಂದ ಆಮೇಲೆ. "ನನಗೆ ಮಾತ್ರ ಕಾಯ್ತಾಳೆ."

"ಹೂಂ, ಕಾಯ್ತಾಳೆ," ಅಂದಳು ಅರ್ಲೀನ್. ಗಾಡಿ ನಿಲ್ಲಿಸಲಿಲ್ಲ.