ಸೀಟಿನ ಕೆಳಗಿನ ಜಾಗ

ಸೌಮ್ಯ ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಆದರೆ ಮೊದಲ ಹನ್ನೊಂದು ವರ್ಷ ಅವಳು ಬರೆದದ್ದೆಲ್ಲ ಮನೆಗಳ ನಕ್ಷೆಗಳನ್ನು. ಮೈಸೂರಿನ ಯಾದವಗಿರಿಯ ಹಳೆಯ ಬಂಗಲೆಯೊಂದರ ಔಟ್‌ಹೌಸಿನಲ್ಲಿ ಸಿವಿಲ್ ಎಂಜಿನಿಯರ್ ಸಿದ್ದಲಿಂಗಸ್ವಾಮಿಯವರ ಕಚೇರಿಯಿತ್ತು. ಸರ್ಟಿಫಿಕೇಟು ಹಿಡಿದು ಕಾರ್ಖಾನೆಗಳ ಗೇಟು ಅಲೆದು ಸುಸ್ತಾಗಿದ್ದ ಹುಡುಗಿಗೆ ಅವರು, "ಕಂಪ್ಯೂಟರಲ್ಲಿ ನೇರ ಗೆರೆ ಎಳೆಯೋಕೆ ಬರುತ್ತೇನಮ್ಮ? ಬಂದ್ರೆ ಸಾಕು, ಮಿಕ್ಕಿದ್ದು ನಾನು ಹೇಳ್ಕೊಡ್ತೀನಿ" ಎಂದು ಕೆಲಸ ಕೊಟ್ಟಿದ್ದರು.

ಅಲ್ಲಿಗೆ ಬರುತ್ತಿದ್ದವರೆಲ್ಲ ಇಪ್ಪತ್ತು ಮೂವತ್ತರ ಸೈಟಿನವರು. ಆ ಅಂಗೈಯಗಲದ ಜಾಗದಲ್ಲಿ ಎರಡು ರೂಮು, ದೇವರ ಮನೆ, ಮಹಡಿಗೆ ಮೆಟ್ಟಿಲು, ಜೊತೆಗೆ ಸ್ಕೂಟರ್ ನಿಲ್ಲಿಸಲು ಜಾಗ, ಎಲ್ಲವೂ ಬೇಕು. ಸೌಮ್ಯಳಿಗೆ ಈ ಕೆಲಸ ಕೈ ಹತ್ತಿತು. ಮನೆಯಲ್ಲಿ ಜಾಗ ನುಂಗುವುದು ಕೋಣೆಗಳಲ್ಲ, ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವ ದಾರಿ ಎಂಬುದನ್ನು ಅವಳು ಬೇಗ ಕಂಡುಕೊಂಡಳು. ಪ್ಯಾಸೇಜನ್ನು ಅರ್ಧ ಅಡಿ ಕತ್ತರಿಸು, ಬಾಗಿಲನ್ನು ಮೂಲೆಗೆ ಸರಿಸು, ಎರಡು ಕೋಣೆಗೆ ಒಂದೇ ಗೋಡೆ ಹಂಚು. "ಆ ಯಮ್ಮ ಇಪ್ಪತ್ತು ಮೂವತ್ತರಲ್ಲಿ ಮೂವತ್ತು ನಲವತ್ತರ ಮನೆ ಕಟ್ಸಿಬುಡ್ತಾರೆ" ಎಂದು ಜನ ಹುಡುಕಿಕೊಂಡು ಬರುತ್ತಿದ್ದರು.

ಅಂಥದೊಂದು ಮನೆಗೆ, ಕಟ್ಟಿದ ಎರಡು ವರ್ಷದ ಮೇಲೆ, ಮಹಡಿ ಏರಿಸುವ ಮಾತಿಗಾಗಿ ಅವಳು ಹೋಗಬೇಕಾಯಿತು. ಮೆಟ್ಟಿಲ ಕೆಳಗೆ ಅವಳೇ ಹೆಮ್ಮೆಯಿಂದ ಹೊಂದಿಸಿದ್ದ ಸಣ್ಣ ಕೋಣೆಯಲ್ಲಿ ಮನೆಯ ಅಜ್ಜಿ ತಿಮ್ಮಮ್ಮ ಇದ್ದರು. ಸೊಂಟದ ಮೂಳೆ ಮುರಿದು, ನಾಲ್ಕು ಕಾಲಿನ ವಾಕರ್ ಹಿಡಿದು ನಡೆಯುತ್ತಿದ್ದರು. ಬಾಗಿಲವರೆಗೆ ಬಂದ ಅಜ್ಜಿ ಒಳಗೆ ಹೋಗುವಾಗ ತಿರುಗಲಿಲ್ಲ. ಬೆನ್ನು ಹಿಂದಾಗಿ, ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತ ಹಾಸಿಗೆ ಸೇರಿದರು. ಒಳಗೆ ವಾಕರ್ ತಿರುಗಿಸಲು ಜಾಗವಿರಲಿಲ್ಲ.

ಸೌಮ್ಯ ನೋಡುತ್ತಲೇ ನಿಂತದ್ದನ್ನು ಕಂಡು ಅಜ್ಜಿಯೇ ಸಮಾಧಾನ ಹೇಳಿದರು. "ತೊಂದ್ರೆ ಏನಿಲ್ಲ ಕಣವ್ವ. ಹಿಂದ್ಹಿಂದಕ್ಕೆ ನಡ್ದು ಅಭ್ಯಾಸ ಆಗೋಗದೆ."

ಮನೆಯವರನ್ನು ಒಪ್ಪಿಸಿ, ಕೋಣೆಗೆ ಅಂಟಿಕೊಂಡಿದ್ದ ಚಪ್ಪಲಿ ಗೂಡು ಒಡೆಸಿ ವಾಕರ್ ತಿರುಗುವಷ್ಟು ಜಾಗ ಮಾಡಿ, ಬಾಗಿಲು ಅಗಲ ಮಾಡಿಸಿದಳು. ತಿಮ್ಮಮ್ಮ ಮುಂದಕ್ಕೆ ನಡೆದು ಒಳಗೆ ಹೋಗುವಂತಾಯಿತು. ಆದರೆ ಆಮೇಲೆ ಪ್ರತಿ ನಕ್ಷೆ ಬರೆಯುವಾಗಲೂ ಸೌಮ್ಯ ಎಳೆದ ಗೆರೆಯನ್ನೇ ಮತ್ತೆ ಮತ್ತೆ ಅಳಿಸತೊಡಗಿದಳು. ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಂಪನಿಗೆ ನಕ್ಷೆ ಬರೆಯುವವರು ಬೇಕು ಎಂದು ಗಂಡ ವಿಜಯ್‌ಕುಮಾರ್ ಎಲ್ಲಿಂದಲೋ ಸುದ್ದಿ ತಂದಾಗ, ಒಂಟಿಕೊಪ್ಪಲಿನ ಮನೆಯಿಂದ ಅದು ಹತ್ತೇ ನಿಮಿಷದ ದಾರಿ ಎಂಬ ನೆಪ ಹೇಳಿ ಹೊರಟಳು.

ಆ ಕಂಪನಿ ನಡೆಸುತ್ತಿದ್ದವಳು ಸಂಘಮಿತ್ರ. ಸೌಮ್ಯಳಿಗಿಂತ ನಾಲ್ಕು ವರ್ಷ ಚಿಕ್ಕವಳು, ಡಾಕ್ಟರೇಟ್ ಮಾಡಿದ್ದಳು, ಮಾತು ಚುಟುಕು. ತಗಡಿನ ಶೆಡ್ಡಿನೊಳಗೆ ಆಕೆ ಇಂಧನ ಕೋಶ ತಯಾರಿಸಲು ಹೊರಟಿದ್ದಳು. ಸಂದರ್ಶನ ಎಂದರೆ ಮೇಜಿನ ಮೇಲೊಂದು ಕರಿಯ ಪ್ಲೇಟ್ ಇಟ್ಟಳು, ಅಷ್ಟೇ. ಊಟದ ತಟ್ಟೆಗಿಂತ ಚಿಕ್ಕದು, ಆಯತಾಕಾರ, ಮೈತುಂಬ ಕೂದಲೆಳೆಯಷ್ಟು ಸಣ್ಣ ಕಾಲುವೆಗಳು, ಅಂಚಿನಲ್ಲಿ ಆರು ತೂತು.

"ಇದರ ಒಂದು ಮುಖದಲ್ಲಿ ಹೈಡ್ರೋಜನ್ ಹರಿಯುತ್ತೆ, ಇನ್ನೊಂದರಲ್ಲಿ ಗಾಳಿ. ಎರಡು ಪ್ಲೇಟ್ ನಡುವೆ ತೆಳು ಪೊರೆ ಇರುತ್ತೆ. ಪೊರೆ ಇರೋ ಕಡೆ ಕರೆಂಟ್ ಹುಟ್ಟುತ್ತೆ. ಹೊಗೆ ಇಲ್ಲ, ಸದ್ದಿಲ್ಲ, ಕೊನೆಗೆ ಉಳಿಯೋದು ನೀರು. ಇಂಥ ನಲವತ್ತು ಪ್ಲೇಟ್ ಒತ್ತಟ್ಟಿಗೆ ಜೋಡಿಸಿದ್ರೆ ಒಂದು ಯಂತ್ರ."

"ಈ ತೂತುಗಳು?"

"ಹೈಡ್ರೋಜನ್, ಗಾಳಿ, ತಂಪು ಮಾಡೋ ನೀರು. ಮೂರೂ ಒಳಗೆ ಬರಬೇಕಲ್ಲ, ಹೊರಗೆ ಹೋಗಬೇಕಲ್ಲ."

ಸೌಮ್ಯ ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿದಳು. ಪೊರೆ ಕೂರುವ ಭಾಗದ ಗುರುತು ನಡುವಿನಲ್ಲಿ ಮಾತ್ರ ಇತ್ತು. "ಹಾಗಾದ್ರೆ ಇದ್ರಲ್ಲಿ ಅರ್ಧಕ್ಕರ್ಧ ಬರೀ ಪ್ಯಾಸೇಜು" ಎಂದಳು.

ಸಂಘಮಿತ್ರ ಮೊದಲ ಸಲ ನಕ್ಕಳು. "ಕರೆಕ್ಟಾಗಿ ಹೇಳಬೇಕಂದ್ರೆ ನೂರಕ್ಕೆ ಐವತ್ತೆರಡು ಭಾಗ. ನಾಳೆಯಿಂದ ಬನ್ನಿ."

ಕೆಲಸದ ಹಿಂದೆ ಒಂದು ವ್ಯಾನ್ ಇತ್ತು. ಮೈಸೂರಿನ ರಕ್ತನಿಧಿಯೊಂದರಿಂದ ತಾಲೂಕು ಆಸ್ಪತ್ರೆಗಳಿಗೆ ರಕ್ತದ ಚೀಲ ಸಾಗಿಸುವ ವ್ಯಾನ್ ಅದು. ಅದರೊಳಗಿನ ಫ್ರಿಜ್ ತಣ್ಣಗಿರಬೇಕಾದರೆ ನಿಂತಲ್ಲೂ ಎಂಜಿನ್ ಓಡುತ್ತಲೇ ಇರಬೇಕಿತ್ತು. ಇಂಧನ ಕೋಶ ಕೂರಿಸಲು ಅದರಲ್ಲಿ ಸಿಗುವುದು ಒಂದೇ ಜಾಗ, ಹಿಂದಿನ ಸೀಟಿನ ಕೆಳಗೆ. ಪ್ಲೇಟ್ ದೊಡ್ಡದು ಮಾಡುವಂತಿಲ್ಲ, ಸಂಖ್ಯೆ ಹೆಚ್ಚಿಸುವಂತಿಲ್ಲ. ಇರುವ ಪ್ಲೇಟಿನಲ್ಲೇ ಕರೆಂಟ್ ಹುಟ್ಟುವ ಜಾಗವನ್ನು ನೂರಕ್ಕೆ ನಲವತ್ತೆಂಟು ಭಾಗದಿಂದ ಅರವತ್ತಕ್ಕೆ ಏರಿಸಬೇಕು. ಅದಕ್ಕಿಂತ ಕಡಿಮೆಯಾದರೆ ಫ್ರಿಜ್ ಓಡದು.

ಮೊದಲ ವಾರ ಸೌಮ್ಯ ಕಂಪ್ಯೂಟರ್ ಮುಟ್ಟಲಿಲ್ಲ. ಪ್ಲೇಟಿನ ಹತ್ತರಷ್ಟು ದೊಡ್ಡ ಹಾಳೆ ಗೋಡೆಗೆ ಅಂಟಿಸಿ ಪೆನ್ಸಿಲ್ ಹಿಡಿದಳು. ಆರೂ ತೂತು ಗುಂಡಗಿದ್ದವು, ಪ್ರತಿಯೊಂದರ ಸುತ್ತ ಸೋರದಂತೆ ತಡೆಯುವ ಬೇರೆ ಬೇರೆ ರಬ್ಬರ್ ಬಿಗಿಪಟ್ಟಿ. ಗುಂಡು ಆಕಾರದ ಪಕ್ಕ ಉಳಿಯುವ ಮೂಲೆಗಳೆಲ್ಲ ದಂಡ. ಅವಳು ತೂತುಗಳನ್ನು ಉದ್ದನೆಯ ಕಿಂಡಿಗಳಾಗಿ ಮಾಡಿದಳು. ಅಕ್ಕಪಕ್ಕದ ಎರಡು ಕಿಂಡಿಗೆ ನಡುವೆ ಒಂದೇ ಬಿಗಿಪಟ್ಟಿ ಸಾಕೆಂದಳು. ಗಾಳಿ ಹೆಚ್ಚು ಬೇಕು, ಆದ್ದರಿಂದ ಅದಕ್ಕೆ ಉದ್ದನೆಯ ಬದಿ ಕೊಟ್ಟಳು. ಹೈಡ್ರೋಜನ್‌ಗೆ ಕಡಿಮೆ ಸಾಕು, ಅದನ್ನು ಮೂಲೆಗೆ ತಳ್ಳಿದಳು. ಮೂಲೆಯ ಕಿಂಡಿಯಿಂದ ಹೊರಟ ಅನಿಲ ಬೀಸಣಿಗೆಯಂತೆ ಹರಡಿ ಎಲ್ಲ ಕಾಲುವೆಗಳಿಗೂ ಹಂಚಿಕೆಯಾಗುವ ಒಂದು ತ್ರಿಕೋನ ಜಾಗವಿತ್ತು. ಅದನ್ನು ಕತ್ತರಿಸಿ ಕತ್ತರಿಸಿ ಒಂದು ಸಣ್ಣ ಚೂರು ಮಾಡಿದಳು. ಮೂರನೇ ತಿಂಗಳಿಗೆ ಲೆಕ್ಕ ಹಾಕಿದಾಗ ಅರವತ್ತಾರು ಬಂತು.

"ಅರವತ್ತಾರಾ?" ಸಂಘಮಿತ್ರ ಎರಡು ಸಲ ಕೂಡಿಸಿ ನೋಡಿದಳು. ಅಂದು ಶೆಡ್ಡಿಗೆಲ್ಲ ಮೈಸೂರ್ ಪಾಕು ತರಿಸಿದಳು.

ನಕ್ಷೆ ವೃಷಭೇಂದ್ರಪ್ಪನವರ ಕೈಗೆ ಹೋಯಿತು. ಮೂವತ್ತೆಂಟು ವರ್ಷ ಕಾರ್ಖಾನೆಗಳಿಗೆ ಉಕ್ಕಿನ ಅಚ್ಚು ಮಾಡಿ ನಿವೃತ್ತರಾಗಿದ್ದ ಅವರನ್ನು ಸಂಘಮಿತ್ರ ಮನೆಗೇ ಹೋಗಿ ಕರೆತಂದಿದ್ದಳು. ಪೋಸ್ಟ್‌ಕಾರ್ಡಿಗಿಂತ ತೆಳುವಾದ ಉಕ್ಕಿನ ಹಾಳೆಯನ್ನು ಅಚ್ಚಿನ ನಡುವೆ ಒತ್ತಿದರೆ ಕಾಲುವೆಗಳೆಲ್ಲ ಒಮ್ಮೆಗೇ ಮೂಡಬೇಕು. ಎರಡು ತಿಂಗಳು ಕೂತು ಅವರು ಆ ಅಚ್ಚನ್ನು ಮಾಡಿದರು. ಕೊನೆಯ ದಿನ ಕನ್ನಡಕ ತೆಗೆದು, ಬಟ್ಟೆಯಲ್ಲಿ ಅಚ್ಚು ಒರೆಸಿ, "ಇಂಥ ಕೆಲ್ಸ ನಾನು ಮಾಡಿರ್ಲಿಲ್ಲಮ್ಮ" ಎಂದರು.

ನಲವತ್ತು ಪ್ಲೇಟ್ ಜೋಡಿಸಿ ಯಂತ್ರಕ್ಕೆ ಹೈಡ್ರೋಜನ್ ಬಿಟ್ಟದ್ದು ಒಂದು ಸೋಮವಾರ ಬೆಳಿಗ್ಗೆ. ಇಪ್ಪತ್ತು ನಿಮಿಷ ಎಲ್ಲ ಚೆನ್ನಾಗಿತ್ತು. ಆಮೇಲೆ ಪರದೆಯ ಮೇಲೆ ಪ್ಲೇಟುಗಳ ವೋಲ್ಟೇಜ್ ತೋರಿಸುವ ಅಂಕಿಗಳು ಒಂದೊಂದಾಗಿ ಇಳಿಯತೊಡಗಿದವು. ಮುಕ್ಕಾಲು ಗಂಟೆಗೆ ಸಂಘಮಿತ್ರ ತಾನೇ ಸ್ವಿಚ್ ಆರಿಸಿದಳು. ಬಿಚ್ಚಿ ನೋಡಿದರೆ ಪ್ರತಿ ಪ್ಲೇಟಿನಲ್ಲೂ ಅದೇ ಒಂದು ಮೂಲೆಯ ಕಾಲುವೆಗಳಲ್ಲಿ ನೀರಿನ ಹನಿಗಳು ಕಟ್ಟಿಕೊಂಡು ಕೂತಿದ್ದವು. ಅವನ್ನು ಹೊರಗೆ ತಳ್ಳಬೇಕಾದ ಅನಿಲ ಅತ್ತ ಹೋಗಿಯೇ ಇರಲಿಲ್ಲ.

"ಅಚ್ಚಲ್ಲಿ ಏನಾರ ವ್ಯತ್ಯಾಸ ಆಯ್ತಾ?" ಎಂದು ವೃಷಭೇಂದ್ರಪ್ಪ ಕೇಳಿದರು. ಅವರ ದನಿ ಸಣ್ಣದಾಗಿತ್ತು.

ಸೌಮ್ಯಳಿಗೆ ಆಗಲೇ ಅನುಮಾನ ಇತ್ತು. ಆದರೆ ಬಾಯಿಬಿಡುವ ಮೊದಲು ಖಚಿತವಾಗಬೇಕಿತ್ತು. ಪಾರದರ್ಶಕ ಅಕ್ರಿಲಿಕ್ ಹಾಳೆಯಲ್ಲಿ ಅದೇ ಕಾಲುವೆಗಳನ್ನು ದೊಡ್ಡದಾಗಿ ಕೊರೆಸಿ, ಮೇಲೊಂದು ಹಾಳೆ ಮುಚ್ಚಿ, ಅಕ್ವೇರಿಯಂ ಪಂಪಿನಿಂದ ನೀರು ಹರಿಸಿದಳು. ಆ ನೀರಿಗೆ ಮಗಳ ನೀಲಿ ಇಂಕು ಸುರಿದಳು. ಕಿಂಡಿಗೆ ಹತ್ತಿರದ ಕಾಲುವೆಗಳು ಕ್ಷಣದಲ್ಲಿ ನೀಲಿಯಾದವು. ನಡುವಿನವು ನಿಧಾನವಾಗಿ ಬಣ್ಣ ತುಂಬಿಕೊಂಡವು. ದೂರದ ಮೂಲೆಯ ಎಂಟು ಹತ್ತು ಕಾಲುವೆಗಳು ಎಷ್ಟು ಹೊತ್ತು ಕಾದರೂ ಬೆಳ್ಳಗೇ ಉಳಿದವು. ಇಡೀ ನೀರು ಹತ್ತಿರದ ಸುಲಭದ ದಾರಿ ಹಿಡಿದು ಹೊರಟುಹೋಗುತ್ತಿತ್ತು. ದೂರದವರಿಗೆ ಮುಟ್ಟಿಸಲು ಇದ್ದ ತ್ರಿಕೋನವನ್ನು ಅವಳೇ ಕತ್ತರಿಸಿ ಹಾಕಿದ್ದಳು. ಬೆನ್ನು ಹಿಂದಾಗಿ ನಡೆದ ತಿಮ್ಮಮ್ಮ ನೆನಪಾದರು.

ಪಂಪು ಹಾಗೇ ಓಡಲು ಬಿಟ್ಟು, ಇಬ್ಬರನ್ನೂ ಕರೆದಳು.

"ಅಚ್ಚು ಸರಿ ಇದೆ ಸರ್. ತಪ್ಪಿರೋದು ನನ್ನ ನಕ್ಷೇಲಿ. ಜಾಸ್ತಿ ಆಸೆ ಪಟ್ಟುಬಿಟ್ಟೆ. ಇಲ್ಲಿ ಜಾಗ ವಾಪಸ್ ಕೊಡಬೇಕು. ಹತ್ತಿರದ ಕಾಲುವೆಗಳ ಬಾಯಿ ಸ್ವಲ್ಪ ಕಿರಿದು ಮಾಡಿ, ದೂರದವಕ್ಕೆ ಅಗಲ ಮಾಡಬೇಕು. ಆಗ ಎಲ್ಲರಿಗೂ ಒಂದೇ ಸಮ ಹೋಗುತ್ತೆ."

"ಎಷ್ಟು ವಾಪಸ್ ಕೊಡಬೇಕಾಗುತ್ತೆ?" ಸಂಘಮಿತ್ರ ಕೇಳಿದಳು.

"ಅರವತ್ತೊಂದಕ್ಕೆ ಬಂದು ನಿಲ್ಲುತ್ತೆ ಅನ್ಸುತ್ತೆ."

"ಅರವತ್ತರ ಕೆಳಗೆ ಹೋದ್ರೆ ವ್ಯಾನ್ ಮರೆತುಬಿಡಿ."

"ಗೊತ್ತು."

ಉಳಿದದ್ದು ಅಚ್ಚಿನ ಮಾತು. ಎರಡು ತಿಂಗಳ ದುಡಿಮೆಯನ್ನು ಗುಜರಿಗೆ ಹಾಕಿ ಎಂದು ಆ ಹಿರಿಯರಿಗೆ ಹೇಳುವುದು ಹೇಗೆಂದು ಸೌಮ್ಯ ತಡವರಿಸುತ್ತಿದ್ದಳು. ವೃಷಭೇಂದ್ರಪ್ಪ ನೀಲಿ ನೀರು ಮುಟ್ಟದ ಮೂಲೆಯನ್ನು ಬಗ್ಗಿ ನೋಡಿದರು. ಆಮೇಲೆ ಎದ್ದು ಹೋಗಿ ಅಚ್ಚಿನ ಬೋಲ್ಟ್ ಬಿಚ್ಚತೊಡಗಿದರು. ಒಂದು ಮೂಲೆಯಿಂದ ಬೆಂಕಿಪೊಟ್ಟಣದಷ್ಟು ದೊಡ್ಡ ಉಕ್ಕಿನ ತುಂಡು ಕಳಚಿ ಅವರ ಕೈಗೆ ಬಂತು.

"ಅಚ್ಚಲ್ಲಿ ಮೊದ್ಲು ಸವೆಯೋದು ಮೂಲೆ ಕಣಮ್ಮ. ಅದುಕ್ಕೇ ನಾನು ನಾಕು ಮೂಲೇನೂ ಬೇರೆ ಬೇರೆ ತುಂಡಾಗಿ ಮಾಡಿ ಕೂರ್ಸಿದೀನಿ. ನಿನ್ ಹೊಸಾ ನಕ್ಷೆ ಕೊಡು, ಇಷ್ಟ್ ಬದ್ಲಾಯ್ಸಿಬುಡಾಣ. ಹದಿನೈದು ದಿನದ ಕೆಲ್ಸ." ತುಂಡನ್ನು ಅವಳ ಅಂಗೈ ಮೇಲಿಟ್ಟು ಸೇರಿಸಿದರು, "ಮೊದ್ಲು ನನ್ ಕೈ ನಡುಗ್ತೇನೋ ಅಂದ್ಕೊಂಡು ಹೆದ್ರಿಬುಟ್ಟಿದ್ದೆ. ನೀನು ನಿಜ ಹೇಳ್ದೆಯಲ್ಲ, ಅಷ್ಟು ಸಾಕು."

ಸೌಮ್ಯ ಈ ಸಲ ಇಂಕಿನ ಪರೀಕ್ಷೆ ಮುಗಿಯದೆ ಯಾವ ಗೆರೆಯನ್ನೂ ಅಂತಿಮ ಮಾಡಲಿಲ್ಲ. ಏಳು ಅಕ್ರಿಲಿಕ್ ಹಾಳೆ ವ್ಯರ್ಥವಾದವು. "ನನ್ ಇಂಕ್ ಬಾಟ್ಲು ಖಾಲಿ ಮಾಡಿದೀಯಲ್ಲಮ್ಮ" ಎಂದು ಮಗಳು ಜಗಳ ತೆಗೆದಳು. ಎಂಟನೆಯದರಲ್ಲಿ ನೀಲಿ ಎಲ್ಲ ಕಾಲುವೆಗಳಲ್ಲೂ ಒಂದೇ ಸಾಲಾಗಿ, ಮಳೆಗಾಲದ ಮೋಡದ ಅಂಚಿನ ಹಾಗೆ ಮುಂದಕ್ಕೆ ಸರಿಯಿತು. ಕೂಡಿಸಿದರೆ ಅರವತ್ತೊಂದಕ್ಕೂ ಒಂದಿಷ್ಟು ಮೇಲೆಯೇ ಇತ್ತು.

ಎರಡನೆಯ ಯಂತ್ರ ಶೆಡ್ಡಿನಲ್ಲಿ ದಿನಕ್ಕೆ ಎಂಟು ಗಂಟೆಯಂತೆ ಹನ್ನೊಂದು ದಿನ ಓಡಿತು. ಅಂಕಿಗಳು ಇಳಿಯಲಿಲ್ಲ. ಸೀಟಿನ ಕೆಳಗೆ ಕೂರಿಸುವ ದಿನ ಮಾತ್ರ ವೃಷಭೇಂದ್ರಪ್ಪ ಒಂದು ತಕರಾರು ತೆಗೆದರು. ಯಂತ್ರದ ಪೆಟ್ಟಿಗೆ ಅಚ್ಚುಕಟ್ಟಾಗಿ ಕೂತಿತು ನಿಜ, ಆದರೆ ರಿಪೇರಿಗೆಂದು ಸ್ಪ್ಯಾನರ್ ಹಿಡಿದ ಕೈ ಒಳಗೆ ಹೋಗುತ್ತಿರಲಿಲ್ಲ. ಸೌಮ್ಯ ವಾದ ಮಾಡಲಿಲ್ಲ. ಪೈಪುಗಳನ್ನು ಒಂದೇ ಬದಿಗೆ ತಂದು ಕೈಯಾಡುವಷ್ಟು ಜಾಗ ಬಿಡಿಸಿದಳು.

ಮೇ ತಿಂಗಳ ಒಂದು ಮಧ್ಯಾಹ್ನ ವ್ಯಾನ್ ಎಚ್.ಡಿ. ಕೋಟೆಯ ಕಡೆ ಹೊರಟಿತು. ಚಾಲಕ ಗೋವಿಂದರಾಜು, ಪಕ್ಕದಲ್ಲಿ ಸೌಮ್ಯ, ಹಿಂದೆ ಹದಿನಾಲ್ಕು ಚೀಲ ರಕ್ತ. ಆಸ್ಪತ್ರೆಯ ಅಂಗಳದಲ್ಲಿ ಗಾಡಿ ನಿಲ್ಲಿಸಿದ ಗೋವಿಂದರಾಜು ಕೀಲಿಯ ಮೇಲೆ ಕೈಯಿಟ್ಟು ಅವಳ ಮುಖ ನೋಡಿದ.

"ಆಫ್ ಮಾಡ್ಲಾ ಮೇಡಂ? ಆರು ವರ್ಷದಲ್ಲಿ ಇಲ್ಲಿ ಒಂದಿನಾನೂ ಆಫ್ ಮಾಡಿಲ್ಲ ನಾನು."

"ಮಾಡಿ."

ಎಂಜಿನ್ ನಿಂತಿತು. ಸೀಟಿನ ಕೆಳಗಿನ ಸಣ್ಣ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಅಂಗಳದಾಚೆ ಯಾರೋ ಕೊಡ ಇಟ್ಟ ಸದ್ದೂ ಕೇಳಿಸಿತು. ಚೀಲಗಳನ್ನು ಪಡೆಯಬೇಕಾದ ನರ್ಸ್ ಹೆರಿಗೆ ಕೋಣೆಯಲ್ಲಿದ್ದರು, ಬರಲು ಒಂದು ಗಂಟೆಗೂ ಮೀರಿ ಹಿಡಿಯಿತು. ಬಿಸಿಲಿಗೆ ವ್ಯಾನಿನ ತಗಡು ಕಾದು ಕೆಂಡವಾಗಿತ್ತು. ಫ್ರಿಜ್ಜಿನ ಮುಳ್ಳು ನಾಲ್ಕು ಡಿಗ್ರಿ ಬಿಟ್ಟು ಕದಲಲಿಲ್ಲ.

ಇದ್ದಕ್ಕಿದ್ದಂತೆ ಗೋವಿಂದರಾಜು ಕೆಳಗೆ ಬಗ್ಗಿ ಕೂಗಿದ. "ಮೇಡಂ, ನೀರು ಸೋರ್ತಾ ಅದೆ! ಎಲ್ಲೋ ಪೈಪ್ ಹೋಗ್ಬುಡ್ತು ಅನ್ಸುತ್ತೆ!"

"ಸೋರ್ತಿಲ್ಲ ಕಣ್ರೀ, ಅದೇ ನಮ್ಮ ಹೊಗೆ" ಎಂದು ಸೌಮ್ಯ ನಕ್ಕಳು. "ಕರೆಂಟ್ ಹುಟ್ಟುತ್ತಿದ್ರೆ ನೀರು ಬೀಳಲೇಬೇಕು. ಬೀಳೋದು ನಿಂತ್ರೆ ಕೂಗಿ."

ನರ್ಸ್ ಓಡೋಡಿ ಬಂದರು. ತಾಪಮಾನ ನೋಡಿ, ಪುಸ್ತಕದಲ್ಲಿ ಸಹಿ ಹಾಕಿ, ಚೀಲಗಳಿದ್ದ ಡಬ್ಬಿ ಎತ್ತಿಕೊಂಡು ಬಂದಷ್ಟೇ ಬೇಗ ಒಳಗೆ ಹೋದರು. ಗಾಡಿ ಸದ್ದಿಲ್ಲದೆ ನಿಂತಿದೆ ಎಂಬುದು ಅವರ ಗಮನಕ್ಕೂ ಬರಲಿಲ್ಲ. ಅದೇ ಸರಿ ಎನಿಸಿತು ಸೌಮ್ಯಳಿಗೆ. ಎರಡನೇ ವ್ಯಾನಿಗೆ ಇದೇ ಯಂತ್ರ ಕೂರಿಸುವ ಮಾತು ಆಗಲೇ ಶುರುವಾಗಿತ್ತು. ಅದರ ಸೀಟಿನ ಅಳತೆ ಬೇರೆ, ಮತ್ತೆ ಮೊದಲಿಂದ ಗೆರೆ ಎಳೆಯಬೇಕು.

"ಊಟ ಮಾಡ್ಬುಡಾಣ್ವಾ?" ಗೋವಿಂದರಾಜು ಬುತ್ತಿ ಬಿಚ್ಚುತ್ತ ಕೇಳಿದ. "ಈ ಗಾಡೀಲಿ ಕೂತ್ಕೊಂಡು ಕಿರುಚ್ದೆ ಮಾತಾಡ್ತಿರೋದು ಇವತ್ತೇ ಮೊದ್ಲು ಕಣ್ರೀ. ನಿಮ್ಗೆ ಮಾವಿನಕಾಯಿ ಚಿತ್ರಾನ್ನ ಆಯ್ತದಾ?"

"ಆಗುತ್ತೆ" ಎಂದು ಸೌಮ್ಯ ಕೈ ತೊಳೆಯಲು ಇಳಿದಳು.